ಹನ್ನೊಂದೂವರೆ ವರ್ಷ ಯಾಕೆ ಬೇಕು?

"ಅಲ್ಲೋ ತಮ್ಮಾ, ಪ್ಲಾಸ್ಟಿಕ್ ಸರ್ಜನ್ ಆಗಿ ಏನ್ ಮಾಡಾಂವಾ? ಸಿನಿಮಾದವ್ರ ಮೂಗು ನೆಟ್ಟಗ ಮಾಡ್ಕೋತ ಕೂಡಾಂವೇನು?" ದೀಪಾವಳಿಗೆ ಧಾರವಾಡಕ್ಕೆ ಹೋದಾಗ ನಮ್ಮ ಮಾಮಾ ಹೀಗೆ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಚಹಾ ತಂದಿಟ್ಟ ಕಾಕು ಮಾತ್ರ ನಗಲಿಲ್ಲ. "ನನ್ನ ಕುತ್ತಿಗಿ ಎತ್ತಿದಾವ್ರೂ ಅವ್ರೇ ಅಲ್ಲೇನು?" ಅಂದಳು. ಸೀರೆಗೆ ಬೆಂಕಿ ತಗಲಿ, ಗಾಯ ಮಾಯುವಾಗ ಚರ್ಮ ಜಗ್ಗಿ, ಎರಡು ವರ್ಷ ಅವಳ ಗದ್ದ ಎದೆಗೇ ಅಂಟಿದಂತಿತ್ತು. ಗೋಡೆಯ ಗಡಿಯಾರ ನೋಡಲೂ ಆಗುತ್ತಿರಲಿಲ್ಲ. ಆ ಬಿಗಿ ಬಿಡಿಸಿ, ತೊಡೆಯ ಚರ್ಮ ತೆಗೆದು ಅಲ್ಲಿಗೆ ಕಸಿ ಮಾಡಿದರು. ಪುಣೆಗೆ ತಿರುಗಿ ಬಂದ ಮೇಲೆ ನನ್ನ ನಗುವಿಗೆ ನಾನೇ ನಾಚಿದೆ. ಅದಕ್ಕೇ ಈ ನಾಲ್ಕು ಮಾತು.

ಮೊದಲು ಲೆಕ್ಕ. ಎಂ.ಬಿ.ಬಿ.ಎಸ್. 4½ ವರ್ಷ, ಇಂಟರ್ನ್‌ಶಿಪ್ 1 ವರ್ಷ. ಮತ್ತೊಂದು ಪ್ರವೇಶ ಪರೀಕ್ಷೆ, ಜನರಲ್ ಸರ್ಜರಿಯಲ್ಲಿ ಎಂ.ಎಸ್. 3 ವರ್ಷ. ಇನ್ನೊಂದು ಪರೀಕ್ಷೆ, ಆಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. 3 ವರ್ಷ. ಎಲ್ಲಿಯೂ ನಪಾಸಾಗದೆ, ಸೀಟಿಗೆ ಕಾಯದೆ ಹೋದರೂ 11½ ವರ್ಷ!

"ಚರ್ಮ ಹೊಲಿಯೋವನಿಗೆ ಹೊಟ್ಟೆ ಕೊಯ್ಯೋದು ಯಾಕಪ್ಪಾ?" ಎಂದು ಹಾಸ್ಟೆಲ್ ಮಿತ್ರರು ಕೇಳುತ್ತಾರೆ. ಹಳೆಯ ಕಥೆಯನ್ನೂ ಮುಂದಿಡುತ್ತಾರೆ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬವನು 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಹತ್ತಿರದ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಮೇಣದಿಂದ ಮೂಗಿನ ಅಳತೆ ತೆಗೆದು, ಹಣೆಯ ಚರ್ಮವನ್ನು ತಿರುಗಿಸಿ ಹೊಸ ಮೂಗು ಕೂಡಿಸಿದ. ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ 1794ರಲ್ಲಿ ಇದನ್ನು ಅಚ್ಚು ಹಾಕಿತು. ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅಲ್ಲಿ ಇದೇ ಕ್ರಮ ಅನುಸರಿಸಿದ. ಇಟ್ಟಿಗೆಯವನಿಗೆ ಯಾವ ಡಿಗ್ರಿಯಿತ್ತು?

ಆ ಕೈಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಅವನೆದುರು ಕೂತವನ ಹಳೆಯ ಗಾಯ ಮಾಯ್ದಿತ್ತು. ಮೈಯೆಲ್ಲ ಸುಟ್ಟು ಬಂದವರ ಸ್ಥಿತಿ ಬೇರೆ. ಮೈಯೊಳಗಿನ ನೀರು, ಉಪ್ಪು ಸೋರಿಹೋಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಸೋಂಕು ರಕ್ತಕ್ಕಿಳಿಯುತ್ತದೆ. ಮೊದಲು ಜೀವ, ಆಮೇಲೆ ಚರ್ಮ. ಆದ್ದರಿಂದ ಎಂ.ಎಸ್.ನ ಮೂರು ವರ್ಷ ದಂಡವಲ್ಲ ಎಂಬುದೇ ನನ್ನ ಅಭಿಪ್ರಾಯ.

ನನ್ನ ತಕರಾರು ಬೇರೆ. ಈ ದಾರಿಯ ಭಾರ ಹೊರುವವರು ಯಾರು? ನಾನೀಗ ಮೂರನೆಯ ವರ್ಷದಲ್ಲಿದ್ದೇನೆ. ಇನ್ನೂ ಸುಮಾರು 9 ವರ್ಷ ಬಾಕಿ. ಅಪ್ಪ ನಾಲ್ಕು ವರ್ಷಕ್ಕೆ ರಿಟೈರ್ ಆಗುತ್ತಾರೆ. ಉಳ್ಳವರ ಮಗ ಕಾಯಬಲ್ಲ. ಗುಮಾಸ್ತನ ಮಗ ನಡುದಾರಿಯಲ್ಲೇ ಇಳಿಯುತ್ತಾನೆ. ಸಾಲ ಮಾಡಿ ಮುಗಿಸಿದವನು ಮೂಗು, ಕೂದಲು ಎಂದು ದುಡ್ಡಿರುವ ಕಡೆ ಹೋದರೆ ಅವನನ್ನೊಬ್ಬನನ್ನೇ ಬೈದು ಫಲವೇನು? ಓದುವಾಗ ಮನೆಗೂ ನಾಲ್ಕು ಕಾಸು ಕಳಿಸುವಷ್ಟು ಸ್ಟೈಪೆಂಡು, ಓದು ಮುಗಿದ ಮೇಲೆ ಸರಕಾರಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಗೌರವದ ಸಂಬಳ ಕೊಟ್ಟು ನೋಡಲಿ. ವರ್ಷ ಕಡಿಮೆ ಮಾಡಿರೆಂದು ಆಗ ಯಾರೂ ಕೇಳಲಾರರು.

ಇಲ್ಲವಾದರೆ ಮಾಮಾನ ಚೇಷ್ಟೆಯೇ ನಿಜವಾದೀತು. ಕಾಕುವಿನಂಥವರು ನೆಲ ನೋಡುತ್ತಲೇ ಉಳಿದಾರು. ಒಪ್ಪದ ಮಿತ್ರರು ಮುಂದಿನ ಸಂಚಿಕೆಗೆ ಬರೆಯಲಿ. ಜಗಳಕ್ಕೆ ನಾನು ತಯಾರು.