ಮತ್ತೆ ಕರ್ವಾಲೊನಾ?

ಬಹಳ ದಿನಗಳ ಮೇಲೆ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಸಿಟ್ಟಿನಲ್ಲೇ ಬರೀತಿದ್ದೀನಿ.

ಯಾರಾದ್ರೂ "ಒಂದು ಒಳ್ಳೆ ಕನ್ನಡ ಪುಸ್ತಕ ಹೇಳಿ" ಅಂತ ಕೇಳಿದ ಕೂಡಲೇ ನಾವು ಬ್ಲಾಗಿಗರೆಲ್ಲ ಏನು ಮಾಡ್ತೀವಿ? ಕೇಳಿದವರು ಯಾರು, ವಯಸ್ಸೆಷ್ಟು, ಈ ಮುಂಚೆ ಏನು ಓದಿದ್ದಾರೆ ಅಂತ ವಿಚಾರಿಸೋದೇ ಇಲ್ಲ. "ಕರ್ವಾಲೊ ಓದಿ" ಅಂದುಬಿಡ್ತೀವಿ. ತೇಜಸ್ವಿ ಮೇಲೆ ನನಗೇನೂ ಕೋಪ ಇಲ್ಲ ಮಾರಾಯ್ರೆ, ನಾನೇ ಅದನ್ನ ನಾಲ್ಕು ಸಲ ಓದಿದ್ದೀನಿ. ಆದ್ರೆ ಅದು 1980ರ ಪುಸ್ತಕ. ಆಮೇಲೆ ಕನ್ನಡದಲ್ಲಿ ಯಾರೂ ಏನೂ ಬರೆದೇ ಇಲ್ವಾ?

ನನ್ನ ತಪ್ಪನ್ನೇ ಮೊದಲು ಹೇಳ್ತೀನಿ. ಅಕ್ಕನ ಮಗಳಿಗೆ ಒಂಬತ್ತು ತುಂಬಿದಾಗ ನಾನು ಕೊಟ್ಟಿದ್ದೂ ಅದನ್ನೇ. ಹತ್ತನೇ ಪುಟಕ್ಕೆ ಕೆಳಗಿಟ್ಟಳು. "ಈಗಿನ ಮಕ್ಕಳಿಗೆ ಓದೋ ತಾಳ್ಮೆ ಎಲ್ಲಿದೆ" ಅಂತ ಅಕ್ಕನ ಮುಂದೆ ಭಾಷಣ ಬಿಗಿದೆ. ತಾಳ್ಮೆಗೇನೂ ಕಮ್ಮಿ ಇರಲಿಲ್ಲ. ಎರಡು ವರ್ಷದಲ್ಲಿ ವಿಂಪಿ ಕಿಡ್ ಸರಣಿಯ ಎಂಟೋ ಒಂಬತ್ತೋ ಪುಸ್ತಕ ಮುಗಿಸಿದ್ದಾಳೆ. ಇಂಗ್ಲಿಷಿನಲ್ಲಿ. ಕನ್ನಡ ಅಂದ್ರೆ ಅವಳಿಗೀಗ ಪರೀಕ್ಷೆಗೆ ಓದೋ ಪಾಠ ಅಷ್ಟೆ.

"ಮಕ್ಕಳಿಗೆ ಕನ್ನಡದಲ್ಲಿ ಹೊಸದು ಬರ್ತಾನೇ ಇಲ್ವಲ್ಲ" ಅನ್ನೋರು ಸ್ವಲ್ಪ ಕೇಳಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡ್ತಾ ಇದೆ. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ಕ್ಕೆ, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ ಬಂತು. ಮೂರೂ ಮಕ್ಕಳ ಕಾದಂಬರಿಗಳು, ಪಂಚತಂತ್ರದ ಮರುಮುದ್ರಣ ಅಲ್ಲ. ನಮ್ಮಲ್ಲಿ ಎಷ್ಟು ಜನ ಇವುಗಳ ಬಗ್ಗೆ ಒಂದು ಪ್ಯಾರಾ ಬರೆದಿದ್ದೀವಿ? ಇನ್ನೂ ಚಿಕ್ಕವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ (2015ರಲ್ಲಿ ಶುರುವಾದದ್ದು) ಕನ್ನಡ ಚಿತ್ರಪುಸ್ತಕಗಳು ಬಿಟ್ಟಿಯಾಗಿ ಸಿಗ್ತವೆ, ಓದೋ ಮಟ್ಟದ ಪ್ರಕಾರ ವಿಂಗಡಿಸಿ ಬೇರೆ ಇಟ್ಟಿದ್ದಾರೆ. ಯಾರಿಗೆ ಯಾವುದು ಅಂತ ಹೇಳೋ ಆ ಒಂದು ಕೆಲಸ ನಮ್ಮಿಂದ ಆಗಿಲ್ಲ ನೋಡಿ.

ದೊಡ್ಡವರ ವಿಷಯವೂ ಅಷ್ಟೇ. ರೋಚಕ ಕಾದಂಬರಿ ಬೇಕು ಅಂದವರನ್ನ ನೋಡಿ ಮೂಗು ಮುರಿಯೋದು... ಕೆ.ಎನ್. ಗಣೇಶಯ್ಯನವರ ಹೆಸರು ಹೇಳಿದ್ರೆ ನಮ್ಮ ಮರ್ಯಾದೆ ಹೋಗುತ್ತಾ? ಇತಿಹಾಸ ಬೋರು ಅಂತಿದ್ದ ಗೆಳೆಯನಿಗೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಕೊಟ್ಟೆ. ಲಿಸ್ಬನ್‌ಗೂ ವಿಜಯನಗರಕ್ಕೂ ಹೋಗಿ ಬಂದವನು ಈಗ ನನ್ನ ಪ್ರತಿ ವಾಪಸ್ ಕೊಡ್ತಾ ಇಲ್ಲ. ಮೆಟ್ರೋದಲ್ಲಿ ಅರ್ಧ ಗಂಟೆ ಮಾತ್ರ ಸಿಗೋರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಹೇಳಿ. 2025ರಲ್ಲಿ ಬಾನು ಮುಷ್ತಾಕ್‌ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಎಲ್ಲರೂ ಫೋಟೋ ಹಾಕಿದ್ದೇ ಹಾಕಿದ್ದು. ಅವರ ಯಾವ ಕಥೆಯಿಂದ ಶುರು ಮಾಡ್ಲಿ ಅಂತ ಕೇಳಿದೆ. ಉತ್ತರ ಕೊಟ್ಟಿದ್ದು ಇಬ್ಬರು!

ಹೋದ ಭಾನುವಾರ ‘ಓಡಿ ಹೋದ ಹುಡುಗ’ ಹಿಡ್ಕೊಂಡು ಅಕ್ಕನ ಮನೆಗೆ ಹೋದೆ. "ಕನ್ನಡನಾ?" ಅಂತ ಮುಖ ಸಣ್ಣ ಮಾಡಿದ್ಲು. ಆಮೇಲೆ ಮುಖಪುಟ ನೋಡಿ, "ಎಲ್ಲಿಗೆ ಓಡಿ ಹೋದ, ಮಾಮ?" ಅಂದ್ಲು. ನಾನು ಹೇಳಲಿಲ್ಲ.

ಇದು ಮುಗಿದ್ರೆ ಮುಂದಿನದು ತಯಾರಿರಬೇಕು. ಹನ್ನೊಂದು ವರ್ಷದವಳಿಗೆ, ಹೊಸದು, ನೀವೇ ಓದಿರೋದು ಒಂದು ಹೆಸರು ಹೇಳಿ. ಕರ್ವಾಲೊ ಬೇಡ.