ಜೋಡಿ ವಾಲ್ವುಗಳ ಆಯ್ಕೆ

ಬೋಡಿನಾಯಕನೂರಿನ ವಾಚಕರೊಬ್ಬರು ಒಂದು ಪತ್ರ ಬರೆದಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ ಹೆಡ್‌ಫೋನಿಗಾಗಿ ವಾಲ್ವುಗಳ ಆಂಪ್ಲಿಫೈಯರ್ ಒಂದನ್ನು ತಾನೇ ಕಟ್ಟುತ್ತಿದ್ದಾನಂತೆ. ತೀರಿಹೋದ ಅಜ್ಜಿ ಹಾಡಿದ ಮದುವೆಮನೆಯ ಹಾಡುಗಳು ಹಳೆಯ ಕ್ಯಾಸೆಟ್ಟೊಂದರಲ್ಲಿ ಉಳಿದಿವೆ. ಅವುಗಳ ಒಂದೊಂದು ಮಾತೂ ಸ್ಪಷ್ಟವಾಗಿ ಕಿವಿಗೆ ಬೀಳಬೇಕೆಂಬುದು ಅವನ ಹಂಬಲ. ಅದಕ್ಕಾಗಿ ‘ಮ್ಯಾಚ್’ ಮಾಡಿದ ವಾಲ್ವುಗಳ ಜೋಡಿಯನ್ನು ಹೆಚ್ಚಿನ ಬೆಲೆ ತೆತ್ತು ಕೊಳ್ಳಬೇಕೆನ್ನುತ್ತಾನೆ. ಇಲ್ಲವೇ ಅಟ್ಟದ ಮೇಲಿರುವ ತಾತನ ರೇಡಿಯೋ ಬಿಚ್ಚಿ ಅದರ ವಾಲ್ವುಗಳನ್ನು ಕಳುಹಿಸಿರೆನ್ನುತ್ತಾನೆ. “ಎರಡರಲ್ಲಿ ಯಾವುದು ಸರಿ, ಮೇಷ್ಟ್ರೇ?” ಎಂಬುದು ತಂದೆಯ ಪ್ರಶ್ನೆ.

ರೇಡಿಯೋದ ಮಾತನ್ನು ಮೊದಲು ಮುಗಿಸೋಣ. ದಯವಿಟ್ಟು ಅದನ್ನು ಬಿಚ್ಚಬೇಡಿ. ನಮ್ಮ ಮನೆಗಳಲ್ಲಿದ್ದ ಎಸಿ-ಡಿಸಿ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದವು ಯುಸಿಎಚ್ ೮೧, ಯುಬಿಎಫ್ ೮೯, ಯುಸಿಎಲ್ ೮೨ ಮತ್ತು ಯುವೈ ೮೫ ಎಂಬ ವಾಲ್ವುಗಳು. ಹೆಸರಿನ ಮೊದಲಕ್ಷರ ‘ಯು’ ಎಂದಿದ್ದರೆ ಅವುಗಳ ಹೀಟರ್ ತಂತಿಗಳೆಲ್ಲ ಒಂದೇ ಸರಪಣಿಯಲ್ಲಿ ೧೦೦ ಮಿಲಿಆಂಪಿಯರ್ ವಿದ್ಯುತ್ತಿನಲ್ಲಿ ಉರಿಯುತ್ತವೆಂದು ಅರ್ಥ. ಒಂದನ್ನು ಕಿತ್ತರೆ ಎಲ್ಲವೂ ಆರಿಹೋಗುತ್ತವೆ. ಮೊದಲಿನೆರಡು ರೇಡಿಯೋ ಅಲೆಗಳನ್ನು ಮಾರ್ಪಡಿಸಿ ಬಲಪಡಿಸುವಂಥವು; ಕೊನೆಯದು ಎಸಿಯನ್ನು ಡಿಸಿ ಮಾಡುವಂಥದು. ಧ್ವನಿಯ ಕೆಲಸಕ್ಕೆಂದೇ ಇರುವ ಯುಸಿಎಲ್ ೮೨ಕ್ಕೆ ೫೦ ವೋಲ್ಟಿನ ಹೀಟರ್. ಮೇಲಾಗಿ ಅದಿರುವುದು ಒಂದೇ. ಜೋಡಿ ಎಲ್ಲಿಂದ ಬರಬೇಕು? ರಾತ್ರಿಯ ಹೊತ್ತು ಬೆಂಗಳೂರಿನ ಕನ್ನಡವನ್ನು ನಮ್ಮ ಕಣಿವೆಯವರೆಗೆ ತಂದುಕೊಟ್ಟ ಪೆಟ್ಟಿಗೆ ಅದು. ಅದನ್ನು ಹಾಳುಗೆಡವಿದರೂ ಹುಡುಗನ ಕೆಲಸವಾಗದು.

ಇನ್ನು ಆಯ್ಕೆಯ ವಿಚಾರ. ಗಾಜಿನ ಮೇಲಿನ ಹೆಸರನ್ನು ನೋಡುವ ಮೊದಲು ಎರಡು ಸಂಗತಿಗಳನ್ನು ನೋಡಬೇಕು: ಆಂಪ್ಲಿಫೈಯರಿನ ನಕ್ಷೆ ಮತ್ತು ಹೆಡ್‌ಫೋನಿನ ಓಮ್. ವಾಲ್ವಿನೊಳಗೆ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಆನೋಡಿನ ಕಡೆಗೆ ಹರಿಯುತ್ತವೆ. ನಡುವೆ ಇರುವ ಗ್ರಿಡ್ ಎಂಬ ತಂತಿಯ ಜಾಲರಿ ಕಾಲುವೆಯ ತೂಬಿನಂತೆ ಆ ಹರಿವನ್ನು ಹೆಚ್ಚುಕಡಿಮೆ ಮಾಡುತ್ತದೆ. ತೂಬು ತುಸು ಅಲುಗಿದರೆ ನೀರು ಎಷ್ಟು ಬದಲಾಗುತ್ತದೆಂಬುದು ಒಂದೊಂದು ವಾಲ್ವಿನಲ್ಲಿ ಒಂದೊಂದು ಬಗೆ. ಇಸಿಸಿ ೮೩ರ ವರ್ಧನಾಂಕ ೧೦೦. ಇಸಿಸಿ ೮೨ರದು ಸುಮಾರು ೧೭. ಇಸಿಸಿ ೮೮ರದು ೩೩. ನೂರು ದೊಡ್ಡದೆಂದು ಇಸಿಸಿ ೮೩ನ್ನೇ ಆರಿಸಬಾರದು. ಅದರ ಒಳಗಿನ ಪ್ರತಿರೋಧ ೬೦ ಸಾವಿರ ಓಮಿಗೂ ಮಿಕ್ಕುವುದರಿಂದ ಹೆಡ್‌ಫೋನಿನಂಥ ಭಾರವನ್ನು ಅದು ಎಳೆಯಲಾರದು. ಹೆಡ್‌ಫೋನನ್ನು ನಡೆಸುವ ಕೊನೆಯ ಹಂತದಲ್ಲಿ ಕ್ಯಾಥೋಡಿನಿಂದಲೇ ಧ್ವನಿಯನ್ನು ತೆಗೆಯುವ ಜೋಡಣೆ ರೂಢಿಯಲ್ಲಿದೆ. ಆಗ ಇಸಿಸಿ ೮೨ ಸುಮಾರು ೪೫೦ ಓಮಿನ ಮೂಲದಂತೆಯೂ ಇಸಿಸಿ ೮೮ ಸುಮಾರು ೮೦ ಓಮಿನ ಮೂಲದಂತೆಯೂ ವರ್ತಿಸುತ್ತವೆ. ೩೦೦ ಅಥವಾ ೬೦೦ ಓಮಿನ ಹೆಡ್‌ಫೋನಿಗೆ ಎರಡನೆಯದು ಒಪ್ಪುತ್ತದೆ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ೩೨ ಓಮಿನದಕ್ಕೆ ಇವೆರಡೂ ಸಾಲವು. ನಡುವೆ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲವೇ ಕೊನೆಯ ಹಂತಕ್ಕೆ ಟ್ರಾನ್ಸಿಸ್ಟರ್ ಬೇಕು. ಮಗನ ಹೆಡ್‌ಫೋನ್ ಎಷ್ಟು ಓಮಿನದೆಂದು ಪತ್ರದಲ್ಲಿ ಬರೆದಿಲ್ಲ. ಅದು ತಿಳಿಯದೆ ವಾಲ್ವು ಕೊಳ್ಳುವುದು ಕಾಲಿನ ಅಳತೆ ಕೊಡದೆ ಚಪ್ಪಲಿ ಹೊಲಿಸಿದಂತೆ.

ಇವೆಲ್ಲಕ್ಕೂ ಒಂಬತ್ತು ಕಡ್ಡಿಗಳೇ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕುಳಿತುಕೊಳ್ಳುತ್ತದೆ. ಅಪಾಯವಿರುವುದು ಇಲ್ಲಿಯೇ. ಇಸಿಸಿ ೮೨ರ ಹೀಟರಿಗೆ ೪ ಮತ್ತು ೫ನೆಯ ಕಡ್ಡಿಗಳ ನಡುವೆ ೧೨.೬ ವೋಲ್ಟ್ ಕೊಡಬಹುದು. ಇಸಿಸಿ ೮೮ಕ್ಕೆ ಅದೇ ಕಡ್ಡಿಗಳಲ್ಲಿ ೬.೩ ವೋಲ್ಟ್ ಮಾತ್ರ. ತಪ್ಪಿ ಕೂರಿಸಿದರೆ ದುಬಾರಿ ವಾಲ್ವು ಸುಟ್ಟುಹೋಗುತ್ತದೆ. ಆನೋಡಿನಲ್ಲಿಯೂ ಇಸಿಸಿ ೮೨ ೩೦೦ ವೋಲ್ಟ್ ತಾಳಬಲ್ಲದು. ಇಸಿಸಿ ೮೮ರ ಮಿತಿ ೧೩೦.

ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ೧೯೬೧ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ‘ಬಿಇಎಲ್’ ಮುದ್ರೆಯ ಇಸಿಸಿ ೮೨, ೮೩ಗಳು ಈಗಲೂ ಹಳೆಯ ದಾಸ್ತಾನಿನಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೋ ಚೆನ್ನೈನ ರಿಚಿ ಸ್ಟ್ರೀಟಿನಲ್ಲಿಯೋ ಹುಡುಕಿದರೆ ಸಿಕ್ಕಾವು. ಅವು ಕೀಳೆಂದು ತಿಳಿಯಬೇಕಾಗಿಲ್ಲ. ಹಿಂದೆ ಒಂದು ಕಾರ್ಖಾನೆಯ ಸರಕಿಗೆ ಇನ್ನೊಂದರ ಮುದ್ರೆ ಬೀಳುತ್ತಿದ್ದುದು ಯುರೋಪಿನಲ್ಲಿಯೂ ಸಾಮಾನ್ಯವಾಗಿತ್ತು. ಆದುದರಿಂದ ಬರಿಯ ಹೆಸರಿಗೆ ಹಣ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಗಾಜಿನ ತುದಿಯಲ್ಲಿರುವ ಬೆಳ್ಳಿಬಣ್ಣದ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ. ಅಂಥದನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಜೋಡಿ ಕೂಡಿಸುವುದೆಂದರೇನು? ದನಗಳ ಗುಣ ಬಲ್ಲ ನಮ್ಮ ಒಕ್ಕಲಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂತೆಯಲ್ಲಿ ಎರಡು ಎತ್ತುಗಳ ಬಣ್ಣವೂ ಕೊಂಬೂ ಒಂದೇ ಆಗಿದ್ದರೆ ಸಾಲದು. ಒಂದೇ ನೊಗದ ಕೆಳಗೆ, ಒಂದೇ ಭಾರಕ್ಕೆ, ನಡಿಗೆ ಒಂದಾಗಬೇಕು. ವಾಲ್ವುಗಳೂ ಹಾಗೆಯೇ. ಅವು ಕೆಲಸ ಮಾಡಬೇಕಾದ ವೋಲ್ಟಿನಲ್ಲಿಯೇ, ಕಾಲುಗಂಟೆಯಾದರೂ ಕಾದ ಮೇಲೆ, ಎರಡರಲ್ಲಿಯೂ ಹರಿಯುವ ವಿದ್ಯುತ್ತನ್ನು ಅಳೆಯಬೇಕು. ಕ್ಯಾಥೋಡಿನ ರೆಸಿಸ್ಟರ್ ೧೦೦೦ ಓಮಿನದಾಗಿದ್ದು ಅದರ ಎರಡು ತುದಿಗಳ ನಡುವೆ ೪ ವೋಲ್ಟ್ ಕಂಡರೆ ಹರಿವು ೪ ಮಿಲಿಆಂಪಿಯರ್. ಎರಡನ್ನೂ ಒಂದೇ ಹೊತ್ತಿನಲ್ಲಿ ಅಳೆಯಿರಿ. ಸಂಜೆ ನಮ್ಮ ಹಳ್ಳಿಗಳಲ್ಲಿ ಕರೆಂಟು ಕುಸಿದಾಗ ಲೆಕ್ಕ ಬೇರೆಯಾಗುತ್ತದೆ. ಹರಿವು ಸಮನಾದ ಮಾತ್ರಕ್ಕೆ ವರ್ಧನೆಯೂ ಸಮನಾಗಿರಬೇಕೆಂದಿಲ್ಲ. ಆದುದರಿಂದ ಒಂದೇ ನಾದವನ್ನು ಎರಡು ಕಡೆಗೂ ಕೊಟ್ಟು ಹೊರಬರುವ ವೋಲ್ಟನ್ನು ಹೋಲಿಸುವುದೇ ನಿಜವಾದ ಪರೀಕ್ಷೆ. ಮಾರುವವರು ಇಂಥ ಅಂಕಿಗಳನ್ನು ಬರೆದುಕೊಟ್ಟರೆ ಹೆಚ್ಚಿನ ಬೆಲೆಗೆ ಅರ್ಥವುಂಟು. ಪೆಟ್ಟಿಗೆಯ ಮೇಲೆ ‘ಮ್ಯಾಚ್ಡ್’ ಎಂಬ ಚೀಟಿ ಅಂಟಿಸಿದ್ದಕ್ಕೆ ಅರ್ಥವಿಲ್ಲ.

ಎಲ್ಲ ಹಂತಕ್ಕೂ ಈ ಖರ್ಚು ಬೇಕಿಲ್ಲ. ಕ್ಯಾಥೋಡಿನಿಂದ ಧ್ವನಿ ತೆಗೆಯುವ ಹಂತದಲ್ಲಿ ವರ್ಧನೆ ಯಾವಾಗಲೂ ಒಂದಕ್ಕೆ ತುಸು ಕಡಿಮೆ; ವಾಲ್ವು ಬದಲಾದರೂ ಅದು ಹೆಚ್ಚು ಬದಲಾಗದು. ಎಡ-ಬಲಗಳ ಸಮತೋಲ ನಿಂತಿರುವುದು ಧ್ವನಿಯನ್ನು ದೊಡ್ಡದು ಮಾಡುವ ಮೊದಲ ಹಂತದಲ್ಲಿ. ಅಲ್ಲಿ ಒಂದೇ ಗಾಜಿನೊಳಗಿನ ಎರಡು ಅರ್ಧಗಳು ಎಡಕ್ಕೊಂದು ಬಲಕ್ಕೊಂದಾಗಿ ಹಂಚಿಕೆಯಾಗಿದ್ದರೆ ಆ ಅರ್ಧಗಳೇ ಹೊಂದಬೇಕು. ಹಣವನ್ನು ಅಲ್ಲಿಗೇ ಮೀಸಲಿಡಲಿ.

ಅಜ್ಜಿಯ ಹಾಡೇ ಇದಕ್ಕೆ ಒಳ್ಳೆಯ ಒರೆಗಲ್ಲು. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ‘ಮೋನೋ’ ಮಾಡಿಕೊಂಡರೆ ಎರಡು ಕಿವಿಗೂ ಹೋಗುವುದು ಒಂದೇ ಧ್ವನಿ. ಆಗ ಅಜ್ಜಿಯ ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಮಗ್ಗುಲಿಗೆ ಸರಿದರೆ ಹೆಡ್‌ಫೋನನ್ನು ತಿರುವುಮುರುವು ಮಾಡಿ ಹಾಕಿಕೊಳ್ಳಲಿ. ದನಿ ಮೊದಲಿದ್ದ ಕಿವಿಯಲ್ಲಿಯೇ ಉಳಿದರೆ ದೋಷ ಯಂತ್ರದ್ದಲ್ಲ, ಕಿವಿಯದು. ಅದೂ ಸರಿದರೆ ಎಡ-ಬಲದ ವಾಲ್ವುಗಳನ್ನು ಅದಲುಬದಲು ಮಾಡಲಿ. ಓರೆಯೂ ಅದಲುಬದಲಾದರೆ ವಾಲ್ವು ಜೋಡಿಯಲ್ಲ. ಆಗದಿದ್ದರೆ ವಾಲ್ಯೂಮ್ ಗುಂಡಿಯನ್ನು ಸಂಶಯಿಸಿ. ಸಣ್ಣ ಧ್ವನಿಯಲ್ಲಿ ಅದರ ಎರಡು ಪದರಗಳು ಹೊಂದದಿರುವುದು ಬಹು ಸಾಮಾನ್ಯ. ಆ ತಪ್ಪನ್ನು ಪಾಪ, ವಾಲ್ವುಗಳ ತಲೆಗೆ ಕಟ್ಟುವವರೇ ಹೆಚ್ಚು.

ತಂದೆಯವರು ಮಗನಿಗೆ ತಪ್ಪದೆ ತಿಳಿಸಬೇಕಾದುದು ಇನ್ನೊಂದಿದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು. ಮೀಟರಿನ ಮುಳ್ಳು ಸೊನ್ನೆಗೆ ಇಳಿದುದನ್ನು ಕಂಡ ನಂತರವೇ ಒಳಗೆ ಕೈಯಿಡಬೇಕು. ಸ್ವಿಚ್ ಹಾಕಿದ ಮೊದಲ ಒಂದೆರಡು ನಿಮಿಷ ಹೆಡ್‌ಫೋನ್ ಕಿವಿಯ ಮೇಲೆ ಇರಕೂಡದು. ವಾಲ್ವುಗಳು ಕಾಯುವಾಗ ಬರುವ ಏಟು ಕಿವಿಗೆ ಒಳ್ಳೆಯದಲ್ಲ. ನಕ್ಷೆಯ ಪ್ರತಿಯನ್ನೂ ಹೆಡ್‌ಫೋನಿನ ಓಮನ್ನೂ ಕಳುಹಿಸಿಕೊಟ್ಟರೆ ಯಾವ ವಾಲ್ವು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.