ಕವರಿನೊಳಗೆ ಕವರು ಯಾಕೆ?



ಈಗ ನಮ್ಮ ನಿಟ್ಟೂರಿಗೂ ಪೇಟೆಯಿಂದ ಪಾರ್ಸೆಲ್ ಬರುತ್ತದೆ. ಒಂದು ಕಂಪಾಸ್ ಡಬ್ಬಿ ತರಿಸಿದರೂ ಹೊರಗೊಂದು ಪ್ಲಾಸ್ಟಿಕ್ ಕವರು, ಒಳಗೆ ಗುಳ್ಳೆ ಪ್ಲಾಸ್ಟಿಕ್ಕು, ಸುತ್ತಲೂ ಟೇಪು. ವಸ್ತು ಅಂಗೈಯಷ್ಟು, ಕಸ ಬುಟ್ಟಿಯಷ್ಟು! ಈ ಕಸ ಎಲ್ಲಿಗೆ ಹೋಗ್ತದೆ? ಎಷ್ಟೋ ಮನೆಗಳಲ್ಲಿ ಬಚ್ಚಲ ಒಲೆಗೆ. ಅದರ ಹೊಗೆಯನ್ನು ಒಲೆ ಮುಂದೆ ಕೂತವರು ಕುಡಿಯಬೇಕು. ಬೂದಿ ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ. ಒಲೆಗೆ ಹಾಕದೆ ಎಸೆದರೆ ಮಳೆಗಾಲದಲ್ಲಿ ಹಳ್ಳಕ್ಕೆ.

ಹಿಂದೆ ಪಾರ್ಸೆಲ್ ಇರಲಿಲ್ಲವೇ? ಇತ್ತು. ಅಂಚೆ ಪಾರ್ಸೆಲ್ಲಿಗೆ ಬಿಳಿ ಬಟ್ಟೆ ಸುತ್ತಿ, ಸೂಜಿ ದಾರದಲ್ಲಿ ಹೊಲಿದು, ಅರಗಿನ ಮುದ್ರೆ ಹಾಕುತ್ತಿದ್ದರು. ಬಿಚ್ಚಿದ ಬಟ್ಟೆ ಮನೆಯಲ್ಲಿ ಮತ್ತೊಂದು ಕೆಲಸಕ್ಕೆ ಬರುತ್ತಿತ್ತು. ಅಡಿಕೆ ಗೋಣಿಚೀಲದಲ್ಲಿ ಮಂಡಿಗೆ ಹೋಗುತ್ತಿತ್ತು, ಹೂವು ಬಾಳೆಲೆಯಲ್ಲಿ ದೇವಸ್ಥಾನಕ್ಕೆ.

ಕಾನೂನು ಇಲ್ಲ ಅಂತಲ್ಲ. ನಮ್ಮ ರಾಜ್ಯ 2016ರ ಮಾರ್ಚಿಯಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಹಲವು ವಸ್ತುಗಳು ನಿಷೇಧವಾದವು. ಆದರೆ ಆ ಪಟ್ಟಿಯಲ್ಲಿ ಪಾರ್ಸೆಲ್ ಕವರು ಇಲ್ಲ. ಪ್ಯಾಕಿಂಗ್ ಪ್ಲಾಸ್ಟಿಕ್ಕನ್ನು ಮಾರುಕಟ್ಟೆಗೆ ಬಿಟ್ಟವರೇ ಅದರ ವಿಲೇವಾರಿಯ ಹೊಣೆ ಹೊರಬೇಕು ಅಂತ 2016ರ ಕೇಂದ್ರ ನಿಯಮ ಹೇಳುತ್ತದೆ. ಕಾಗದದಲ್ಲಿ ಹೊಣೆ ಅವರದು, ಬಚ್ಚಲ ಒಲೆ ಮಾತ್ರ ನಮ್ಮದು!

ಇನ್ನು ನಮ್ಮ ತೋಟದಲ್ಲಿ ತಾನಾಗಿ ಬೀಳುವ ಅಡಿಕೆ ಹಾಳೆ ನೋಡಿ. ಅದರಿಂದ ಟೋಪಿ ಮಾಡಿದರು, ಊಟದ ತಟ್ಟೆ ಮಾಡಿ ವಿದೇಶಕ್ಕೂ ಕಳಿಸಿದರು. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯವರು ಹಾಳೆ ತಟ್ಟೆಯಿಂದ ಅಡಿಕೆಯ ವಿಷಾಂಶ ಆಹಾರಕ್ಕೆ ಇಳಿಯಬಹುದೆಂದು ಹೇಳಿ ಆಮದಿಗೆ ತಡೆ ಹಾಕಿದರು. ತಟ್ಟೆ ಮಾಡುವವರಿಗೆ ಇದು ಚಿಂತೆಯ ವಿಷಯ. ನಾನು ಕೇಳುವುದು ಇಷ್ಟೇ: ಹಾಳೆ ಅಂದರೆ ತಟ್ಟೆಯೊಂದೇ ಯಾಕೆ? ಬಿಸಿ ಅಚ್ಚಿನಲ್ಲಿ ತಟ್ಟೆ ಒತ್ತುವ ಹಾಗೆಯೇ ಸೋಪು, ಗಾಜಿನ ಬಾಟ್ಲಿ, ಆಟಿಕೆ ಕಳಿಸುವ ಡಬ್ಬಿ ಒತ್ತಬಹುದಲ್ಲ? ಅಲ್ಲಿ ಊಟಕ್ಕೆ ತಾಗುವ ಮಾತೇ ಇಲ್ಲ.

"ನಮ್ಮ ಮಳೆಗೆ ರಟ್ಟು, ಹಾಳೆ ಎಲ್ಲಿ ತಡೀತದೆ ಮಾರಾಯಾ?" ಅಂತ ನೀವು ಕೇಳಬಹುದು. ನಿಜ. ನೆನೆದ ರಟ್ಟು ಹರಿಯುತ್ತದೆ, ಹಸಿ ಹಾಳೆಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಹಾಳೆಯನ್ನು ಬೇಸಿಗೆಯಲ್ಲೇ ಹೆಕ್ಕಿ ಒಣಗಿಸಿ ಇಡಬೇಕು. ಮಳೆಗಾಲದಲ್ಲಿ ಹೊರಗೆ ಒಂದು ಪ್ಲಾಸ್ಟಿಕ್ ಕವರು ಇರಲಿ. ಒಳಗಿನದು ಯಾಕೆ? ಅಲ್ಲಿಗೆ ಒಣಹುಲ್ಲು, ಹಳೇ ಪೇಪರು ಸಾಕು.

ಬೇರೆಯವರಿಗೆ ಹೇಳುವ ಮೊದಲು ನಾವು ಶುರು ಮಾಡೋಣ. ಮಲೆನಾಡಿನ ಮನೆಗಳಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೇನುತುಪ್ಪ ಬೆಂಗಳೂರಿಗೆ ಹೋಗುತ್ತವೆ. ಆ ಕಟ್ಟುಗಳಲ್ಲಿ ಒಳಗಿನ ಪ್ಲಾಸ್ಟಿಕ್ ಬಿಡಿಸೋಣ. ತರಿಸುವಾಗಲೂ ಅಂಗಡಿಯವರಿಗೆ "ರಟ್ಟಿನ ಡಬ್ಬಿಯಲ್ಲೇ ಕಳಿಸಿ" ಎಂದು ಬರೆಯೋಣ. ಗಿರಾಕಿ ಕೇಳಿದರೆ ಅಂಗಡಿಯವರು ಕೇಳದೇ ಇರ್ತಾರಾ?

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಕೆಟ್ಟುಹೋದ ಹಳ್ಳವೂ ಹಾಗೆಯೇ.

— ಹತ್ತನೇ ತರಗತಿಯ ವಿದ್ಯಾರ್ಥಿನಿ